ಬೈತಲೆ ಅಗಲ ಆಗ್ತಾ ಇದೆ, ಎಲ್ಲಿಂದ ಶುರು ಮಾಡಲಿ? (ದಾವಣಗೆರೆ–ಚಿತ್ರದುರ್ಗ)

ವಿದ್ಯಾನಗರ ಟೀಚರ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ವಯಸ್ಸು 36, ಶಾಲೆಯಲ್ಲಿ ಕೆಲಸ. ಕೂದಲಿನ ವಿಷಯ ಇಲ್ಲಿ ಹಿಂದೆಯೂ ಬಂದಿದೆ. ಆದರೆ ಪ್ರತಿ ಸಲ "ಆ ಎಣ್ಣೆ ಹಚ್ಚಿ, ಈ ಎಣ್ಣೆ ಹಚ್ಚಿ" ಅನ್ನುವಲ್ಲಿಗೆ ಮುಗಿದು ಹೋಗಿದೆ.

ನನ್ನ ಕಥೆ ಇಷ್ಟು. ಬೈತಲೆ ತೆಗೆದರೆ ಮೊದಲಿಗಿಂತ ಅಗಲವಾಗಿ ನೆತ್ತಿ ಕಾಣುತ್ತದೆ. ಮುಂದೆ ಜಾಸ್ತಿ, ಹಿಂದಕ್ಕೆ ಹೋದ ಹಾಗೆ ಕಡಿಮೆ. ಮುಂಗೂದಲ ಗೆರೆ ಮಾತ್ರ ಹಿಂದೆ ಸರಿದಿಲ್ಲ. ಜಡೆಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿದರೆ ಬಿಗಿಯಾಗುತ್ತಿತ್ತು, ಈಗ ನಾಲ್ಕು ಸುತ್ತಬೇಕು.

ಇದರ ನಡುವೆ ಶ್ರಾವಣದಲ್ಲಿ ಟೈಫಾಯಿಡ್ ಬಂದಿತ್ತು. ದೀಪಾವಳಿ ಹೊತ್ತಿಗೆ ಬಚ್ಚಲ ಜಾಲರಿ ತುಂಬ ಕೂದಲು. ತಲೆಗೆ ಕೈ ಹಾಕಲೇ ಹೆದರಿಕೆ ಆಗುತ್ತಿತ್ತು. ಈಗ ಉದುರುವುದು ಕಡಿಮೆ ಆಗಿದೆ. ಆದರೆ ಬೈತಲೆ ಹಾಗೇ ಉಳಿದಿದೆ.

ಅತ್ತೆ ಸೀಗೆಕಾಯಿಗೆ ಬಾ ಅನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ಅನ್ನುತ್ತಾರೆ. ಪಾರ್ಲರ್‌ನವಳು ಹೇರ್ ಸ್ಪಾ ಪ್ಯಾಕೇಜ್ ಕಾರ್ಡ್ ಕೈಗೆ ಕೊಟ್ಟಿದ್ದಾಳೆ. ದುಡ್ಡು ಖರ್ಚು ಮಾಡುವ ಮೊದಲು ಏನಾಗಿದೆ ಅಂತ ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?

ಮಾರಿಕಣಿವೆ (ಹಿರಿಯೂರು)

ಶುರು ನಲ್ಲಿಯಿಂದ ಮಾಡಿ ಮೇಡಂ. ನೀರು ನೋಡಿ ಮೊದಲು. ನಮ್ಮ ಕಡೆ ಬೋರ್ ನೀರಲ್ಲಿ ಸೋಪು ಉಜ್ಜಿದರೆ ನೊರೆ ಬರಲ್ಲ, ಬಕೆಟ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಅದೇ ನೀರು ತಲೆಗೆ. ಉದುರದೆ ಇರುತ್ತಾ? ದುರ್ಗ ಜಿಲ್ಲೆಯಲ್ಲಿ ಅರ್ಧ ಜನಕ್ಕೆ ಕೂದಲಿಲ್ಲ ಅಂದರೆ ನೀರೇ ಕಾರಣ. ಡಾಕ್ಟರು ಇದನ್ನು ಹೇಳಲ್ಲ. ಹೇಳಿದರೆ ಅವರ ಅಂಗಡಿ ನಡೆಯಬೇಕಲ್ಲ.

ಬೋಳೇಶ (ದಾವಣಗೆರೆ)

ಮಾರಿಕಣಿವೆ ಅಣ್ಣಾ, ಅದೇ ಬೋರ್ ನೀರಲ್ಲಿ ಸ್ನಾನ ಮಾಡುವ ನಿಮ್ಮ ಮನೆ ಹೆಂಗಸರ ಜಡೆ ಮೊಣಕಾಲಿಗೆ ಬರುತ್ತಲ್ಲ, ಅದು ಹೇಗೆ? ನನ್ನ ತಲೆ ಕುಂದುವಾಡ ಕೆರೆಯ ನೀರು ಕುಡಿದು ಬೆಳೆದದ್ದು, ಒಳ್ಳೆ ಭದ್ರಾ ನಾಲೆ ನೀರು. ಮೂವತ್ತಕ್ಕೇ ಮೈದಾನ ಆಯಿತು. ನಮ್ಮ ಸೋದರಮಾವನದ್ದೂ ಅದೇ ಕಥೆ. ನೀರಿನ ಮೇಲೆ ಕೇಸ್ ಹಾಕುವ ಮೊದಲು ಮಾವನ ತಲೆ ನೋಡಿ.

ಸ್ಕಿನ್ ಓಪಿಡಿ

ಟೀಚರ್ ಮೇಡಂ, ನಾನು ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿರುವವನು. ತಲೆ ನೋಡದೆ ಹೀಗೇ ಅಂತ ಹೇಳುವುದಕ್ಕೆ ಆಗುವುದಿಲ್ಲ. ಆದರೆ ನೀವು ಬರೆದಿರುವುದರಲ್ಲೇ ಎರಡು ಬೇರೆ ಬೇರೆ ವಿಷಯ ಇರುವ ಹಾಗೆ ಕಾಣುತ್ತದೆ. ಅದನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ತಲೆಯ ಮೇಲೆ ಸುಮಾರು 1 ಲಕ್ಷ ಕೂದಲು ಇರುತ್ತವೆ. ಪ್ರತಿ ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಕೆಲವು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು 3 ತಿಂಗಳು ಸುಮ್ಮನೆ ಕೂತು ಉದುರುತ್ತದೆ. ಅದೇ ಬೇರಿನಿಂದ ಹೊಸದು ಬರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಇದ್ದದ್ದೇ. ಎರಡು ಮೂರು ದಿನಕ್ಕೊಮ್ಮೆ ತಲೆಗೆ ಹಾಕಿಕೊಳ್ಳುವವರಿಗೆ ಅಷ್ಟೂ ಒಂದೇ ದಿನ ಬಚ್ಚಲಲ್ಲಿ ಕಾಣುತ್ತದೆ, ಗಾಬರಿ ಆಗುತ್ತದೆ.

ಟೈಫಾಯಿಡ್, ಡೆಂಗ್ಯೂ, ಕೋವಿಡ್, ದೊಡ್ಡ ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು. ಇಂಥ ಹೊಡೆತ ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೆ ರಜೆ ಹಾಕಿದ ಹಾಗೆ ಆಗುತ್ತದೆ. ಉದುರುವುದು ಅವತ್ತಲ್ಲ, ಎರಡು ಮೂರು ತಿಂಗಳು ಕಳೆದ ಮೇಲೆ. ಅದಕ್ಕೇ ಜನ ಕಾರಣವನ್ನು ತಪ್ಪಾಗಿ ಹುಡುಕುತ್ತಾರೆ. ಹಿಂದಿನ ವಾರ ಬದಲಿಸಿದ ಶಾಂಪೂ ಮೇಲೆ ಅನುಮಾನ ಬರುತ್ತದೆ, ಮೂರು ತಿಂಗಳ ಹಿಂದಿನ ಜ್ವರ ನೆನಪೇ ಆಗುವುದಿಲ್ಲ. ನಿಮಗೆ ಶ್ರಾವಣದಲ್ಲಿ ಜ್ವರ, ದೀಪಾವಳಿಗೆ ಉದುರಿದ್ದು. ಲೆಕ್ಕ ಸರಿಯಾಗಿದೆ. ಇದಕ್ಕೆ ಟೀಲೋಜೆನ್ ಎಫ್ಲುವಿಯಂ ಅನ್ನುತ್ತಾರೆ. ಸಾಮಾನ್ಯವಾಗಿ ಆರು ತಿಂಗಳ ಒಳಗೆ ತಾನೇ ನಿಲ್ಲುತ್ತದೆ, ಕೂದಲು ವಾಪಸ್ ಬರುತ್ತದೆ.

ಬೈತಲೆ ಅಗಲ ಆಗುವುದು ಬೇರೆ. ಅಲ್ಲಿ ಬೇರು ಚಿಕ್ಕದಾಗುತ್ತಾ ಹೋಗುತ್ತದೆ. ದಪ್ಪ ಕೂದಲು ಬರುತ್ತಿದ್ದ ಜಾಗದಲ್ಲಿ ಪ್ರತಿ ಸುತ್ತಿಗೂ ಇನ್ನಷ್ಟು ತೆಳುವಾದ, ಗಿಡ್ಡವಾದ ಕೂದಲು ಬರುತ್ತದೆ. ರಾಶಿ ರಾಶಿ ಉದುರದೆಯೇ ತಲೆ ತೆಳ್ಳಗಾಗುತ್ತದೆ. ಗಂಡಸರಿಗೆ ಹಣೆಯ ಮೂಲೆ ಮತ್ತು ಸುಳಿಯ ಹತ್ತಿರ, ಹೆಂಗಸರಿಗೆ ಬೈತಲೆಯ ಉದ್ದಕ್ಕೂ. ಹೆಂಗಸರಿಗೆ ಮುಂದಿನ ಗೆರೆ ಸಾಮಾನ್ಯವಾಗಿ ಉಳಿಯುತ್ತದೆ. ಎಷ್ಟೋ ಸಲ ಇದು ಮೊದಲೇ ನಿಧಾನವಾಗಿ ಶುರುವಾಗಿರುತ್ತದೆ. ಜ್ವರ ಬಂದು ಒಮ್ಮೆಲೇ ಉದುರಿದಾಗ ಕಣ್ಣಿಗೆ ಬೀಳುತ್ತದೆ.

ಒಂದು ಕೆಲಸ ಮಾಡಿ. ಬೈತಲೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು ಕನ್ನಡಿಯಲ್ಲಿ ನೋಡಿ. ಚೂಪು ತುದಿಯ ಗಿಡ್ಡ ಕೂದಲು ಕಾಣುತ್ತವಾ? ಎಲ್ಲ ಒಂದೇ ದಪ್ಪ ಇದ್ದರೆ ಜ್ವರದ ನಂತರ ಹೊಸದಾಗಿ ಬರುತ್ತಿರುವುದು. ಕೆಲವು ದಪ್ಪ, ಕೆಲವು ನವಿರು ಅಂತ ಕಲಸಿದ್ದರೆ ಎರಡನೆಯದರ ಸೂಚನೆ. ಖಚಿತ ಮಾಡುವುದಕ್ಕೆ ನಾವು ಡರ್ಮೋಸ್ಕೋಪ್ ಇಟ್ಟು ನೋಡುತ್ತೇವೆ. ಕೈಯಲ್ಲಿ ಹಿಡಿಯುವ ಸಣ್ಣ ಲೆನ್ಸು, ನೋವೇನೂ ಇಲ್ಲ.

ವಿದ್ಯಾನಗರ ಟೀಚರ್ (ದಾವಣಗೆರೆ)

ಡಾಕ್ಟ್ರೇ, ತುಂಬಾ ಧನ್ಯವಾದ. ಹಾಳೆ ಹಿಡಿದು ನೋಡಿದೆ. ಗಿಡ್ಡ ಕೂದಲು ಇವೆ. ಕಲಸೇ ಇದೆ ಅನ್ನಿಸುತ್ತದೆ. ಇನ್ನೊಂದು. ಉದುರಿದ ಕೂದಲಿನ ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ. ಬೇರು ಸಮೇತ ಬಂದಿದೆ, ಇನ್ನು ಆ ಜಾಗದಲ್ಲಿ ಹುಟ್ಟಲ್ಲ ಅಂತ ಪಾರ್ಲರ್‌ನಲ್ಲಿ ಹೇಳಿದರು.

ಸ್ಕಿನ್ ಓಪಿಡಿ

ಅದು ಬೇರಲ್ಲ ಮೇಡಂ. ಸಮಯ ಮುಗಿದು ತಾನಾಗಿ ಬಿಟ್ಟುಕೊಂಡ ಕೂದಲಿನ ಬುಡ ಹಾಗೆ ಗುಂಡಗೆ, ಬೆಳ್ಳಗೆ ಇರುತ್ತದೆ. ಕೂದಲು ಹುಟ್ಟಿಸುವ ಭಾಗ ಚರ್ಮದ ಒಳಗೇ ಉಳಿದಿರುತ್ತದೆ. ಆ ಬಿಳಿ ಚುಕ್ಕೆ ತೋರಿಸಿ ಪ್ಯಾಕೇಜ್ ಮಾರುವವರು ಬಹಳ. ಚುಕ್ಕೆ ಇಲ್ಲದೆ ತುದಿ ಒರಟಾಗಿ ಮುರಿದಿದ್ದರೆ ಅದು ಉದುರಿದ್ದಲ್ಲ, ತುಂಡಾದದ್ದು. ಸ್ಟ್ರೈಟನಿಂಗ್, ಬಿಗಿ ಬಾಚುವುದು, ಒದ್ದೆ ಕೂದಲು ಎಳೆಯುವುದು ಇಂಥ ಕಾರಣ.

ಮಾರಿಕಣಿವೆ ಅಣ್ಣನ ನೀರು ಬರುವುದೂ ಇಲ್ಲೇ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂದಲಿನ ಮೇಲೆ ಕೂರುತ್ತವೆ. ಕೂದಲು ಒರಟಾಗುತ್ತದೆ, ಸಿಕ್ಕು ಜಾಸ್ತಿ, ಬಾಚಿದರೆ ತುಂಡಾಗುತ್ತದೆ. ಬೇರು ಸಾಯುವುದಿಲ್ಲ, ಬೋಳು ಆಗುವುದಿಲ್ಲ.

ಮಾರಿಕಣಿವೆ (ಹಿರಿಯೂರು)

ಸರಿ ಡಾಕ್ಟ್ರೇ, ಒರಟಾಗುತ್ತದೆ ಅಂತಾದರೂ ಒಪ್ಪಿದಿರಿ. ಆದರೆ ಮಹಾರಾಷ್ಟ್ರದ ಬುಲ್ಢಾಣದಲ್ಲಿ ಊರಿಗೆ ಊರೇ ಬೋಳಾಯಿತಲ್ಲ, 2025ರ ಜನವರಿಯಲ್ಲಿ? ಟಿವಿಯಲ್ಲಿ ನೀರು ನೀರು ಅಂತಲೇ ಹೇಳಿದರು.

ಸ್ಕಿನ್ ಓಪಿಡಿ

ಮೊದಲು ನೀರಿನ ಮೇಲೆ ಅನುಮಾನ ಬಂದದ್ದು ನಿಜ. ಆಮೇಲೆ ಸೆಲೆನಿಯಂ ಅನ್ನುವ ಖನಿಜಾಂಶ ಜಾಸ್ತಿ ಇದ್ದ ಗೋಧಿಯ ಕಡೆಗೆ ಬೆರಳು ತೋರಿಸಲಾಯಿತು. ಶೇಗಾಂವ್ ತಾಲೂಕಿನ ಆ ಹಳ್ಳಿಗಳಲ್ಲಿ ಕೆಲವೇ ದಿನದಲ್ಲಿ ಕೂದಲು ಕೈಗೆ ಬರುತ್ತಿತ್ತು. ಅದು ವಿಷದ ಲಕ್ಷಣ. ವರ್ಷಗಟ್ಟಲೆ ನಿಧಾನವಾಗಿ ತೆಳ್ಳಗಾಗುವ ಬೈತಲೆಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಮಾತು ಸೇರಿಸುತ್ತೇನೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಕೂದಲಿನ ಮಾತ್ರೆಗಳಲ್ಲಿ ಸೆಲೆನಿಯಂ, ವಿಟಮಿನ್ ಎ ಎರಡೂ ಇರುತ್ತವೆ. ಎರಡೂ ಅತಿಯಾದರೆ ಕೂದಲು ಉದುರುತ್ತದೆ.

ಚಳ್ಳಕೆರೆ ಸೊಸೆ

ನೀರಿನ ಜೊತೆ ಬಾಳುವವಳು ನಾನು, ಉಪಯೋಗಕ್ಕೆ ಬರುವ ಮಾತು ಹೇಳುತ್ತೇನೆ. ತಲೆಗೆ ಹಾಕಿಕೊಂಡು ಕೊನೆಯ ಒಂದು ಚೊಂಬು ಮಾತ್ರ ಸಿಹಿ ನೀರು ಹಾಕಿ. ಊರಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಇದೆಯಲ್ಲ, ಆ ನೀರೇ ಸಾಕು. ಸಿಕ್ಕು ಕಡಿಮೆ ಆಗುತ್ತದೆ. ಮನೆಯ ಫಿಲ್ಟರಿನಿಂದ ವೇಸ್ಟ್ ಪೈಪಲ್ಲಿ ಬರುವ ನೀರನ್ನು ಮಾತ್ರ ತಲೆಗೆ ಹಾಕಬೇಡಿ. ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನಮ್ಮ ಓರಗಿತ್ತಿ ನೀರು ದಂಡ ಆಗಬಾರದು ಅಂತ ಅದನ್ನೇ ಸ್ನಾನಕ್ಕೆ ಹಿಡಿಯುತ್ತಿದ್ದಳು.

ಎಣ್ಣೆ ವಿಷಯ. ನಮ್ಮ ಮನೆಯಲ್ಲಿ ಗರುಗದ ಸೊಪ್ಪು, ದಾಸವಾಳದ ಎಲೆ, ಮೆಂತ್ಯ ಹಾಕಿ ಕೊಬ್ಬರಿ ಎಣ್ಣೆ ಕಾಯಿಸುತ್ತೇವೆ. ಸೊಪ್ಪಿನ ಸದ್ದು ನಿಂತು, ಕೈಯಲ್ಲಿ ಹಿಡಿದರೆ ಪುಡಿ ಆಗಬೇಕು, ಆಗ ಇಳಿಸಬೇಕು. ನೀರಿನ ಅಂಶ ಉಳಿದರೆ ಎಣ್ಣೆ ಮುಗ್ಗುತ್ತದೆ. ಹಚ್ಚಿದರೆ ಕೂದಲು ನುಣುಪಾಗುತ್ತದೆ, ತಲೆ ತಂಪು. ಅತ್ತೆ ಹೇಳುವ ಹಾಗೆ ಬೋಳು ತಲೆಯಲ್ಲಿ ಕೂದಲು ಹುಟ್ಟುತ್ತದೆ ಅಂತ ನಾನಂತೂ ಹೇಳಲ್ಲ. ಹುಟ್ಟುವ ಹಾಗಿದ್ದರೆ ನಮ್ಮ ಮಾವನವರ ತಲೆ ಹೀಗೆ ಇರುತ್ತಿರಲಿಲ್ಲ. ಎಣ್ಣೆ ಕಾಯಿಸುವುದೇ ಅವರು.

ಸ್ಕಿನ್ ಓಪಿಡಿ

ಅಕ್ಕ ಹೇಳಿದ್ದು ಸರಿಯಾಗಿದೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ತುಂಡಾಗುವುದು ತಪ್ಪುತ್ತದೆ. ಅಷ್ಟಕ್ಕೆ ಅದು ಒಳ್ಳೆಯದು. ತಲೆಹೊಟ್ಟು ಇದ್ದವರು ಮಾತ್ರ ಎಣ್ಣೆ ಹಚ್ಚಿ ರಾತ್ರಿಯೆಲ್ಲ ಬಿಡಬೇಡಿ. ಹೊಟ್ಟಿಗೆ ಕಾರಣವಾದ ಬೂಷ್ಟು ಎಣ್ಣೆ ತಿಂದು ಬೆಳೆಯುವಂಥದ್ದು. ಅವರಿಗೆ ಕೀಟೋಕೊನಜೋಲ್ ಶಾಂಪೂ, ವಾರಕ್ಕೆ ಎರಡು ಸಲ. ನೊರೆ ಬಂದ ಮೇಲೆ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ತೊಳೆದರೆ ಪ್ರಯೋಜನ ಇಲ್ಲ.

ಹರಿಹರ ಬಾಣಂತಿ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಪಾಪುಗೆ ನಾಲ್ಕು ತಿಂಗಳು. ದಿಂಬಿನ ಮೇಲೆ, ಪಾಪು ಮುಷ್ಟಿಯಲ್ಲಿ, ಸಾರಿನಲ್ಲಿ ಎಲ್ಲ ಕಡೆ ನನ್ನ ಕೂದಲು. ಹಣೆ ಮೂಲೆ ಖಾಲಿ ಖಾಲಿ. ಅಮ್ಮ "ಮಗು ನಗುವುದಕ್ಕೆ ಶುರು ಮಾಡಿದರೆ ತಾಯಿ ಕೂದಲು ಉದುರುತ್ತದೆ" ಅನ್ನುತ್ತಾರೆ. ಕೂದಲು ಬೆಳೆಯುವುದಕ್ಕೆ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧಿ ಹಾಕಬಹುದಾ?

ಸ್ಕಿನ್ ಓಪಿಡಿ

ಹಾಕಬೇಡಿ ಅಕ್ಕಾ. ಹಾಲು ಕುಡಿಸುವಾಗ ಬೇಡ. ಬೇಕಾಗಿಯೂ ಇಲ್ಲ. ಗರ್ಭಿಣಿ ಇದ್ದಾಗ ಹಾರ್ಮೋನಿನಿಂದ ಉದುರಬೇಕಾದ ಕೂದಲು ಉದುರದೆ ತಡೆದು ನಿಂತಿರುತ್ತದೆ. ಹೆರಿಗೆ ಆದ ಮೇಲೆ ಆ ಬಾಕಿ ಎಲ್ಲ ಒಟ್ಟಿಗೆ ಉದುರುತ್ತದೆ. ಮಗು ನಗುವ ಸಮಯವೂ ಅದೂ ಒಂದೇ ಆದದ್ದರಿಂದ ನಿಮ್ಮ ಅಮ್ಮನ ಲೆಕ್ಕ ತಪ್ಪಿಲ್ಲ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಸರಿಯಾಗುತ್ತದೆ. ಬಾಣಂತನದ ಪಥ್ಯ ಅಂತ ಸೊಪ್ಪು, ಕಾಳು, ಮೊಟ್ಟೆ ಬಿಟ್ಟಿದ್ದರೆ ಅದನ್ನು ಮೊದಲು ಶುರು ಮಾಡಿ. ಕೊಟ್ಟಿರುವ ಕಬ್ಬಿಣದ ಮಾತ್ರೆ ಬಿಡಬೇಡಿ.

ಒಂದು ಮಾತ್ರ ನೋಡಿ. ಪಾಪುವಿನ ಬೆರಳಿಗೋ ಕಾಲ್ಬೆರಳಿಗೋ ಉದುರಿದ ಕೂದಲು ಬಿಗಿಯಾಗಿ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಮಗು ಕಾರಣ ಇಲ್ಲದೆ ಅಳುತ್ತಿದ್ದರೆ ಸಾಕ್ಸ್ ತೆಗೆದು ಬೆರಳು ನೋಡುವ ಅಭ್ಯಾಸ ಇರಲಿ.

ಎಂಸಿಸಿ ಬಿ ಬ್ಲಾಕ್ ಹುಡುಗ

ನನ್ನದು ಗಂಡಸರ ಸಮಸ್ಯೆ. 27 ವರ್ಷ, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಎರಡೂ ಹಣೆ ಮೂಲೆ ಹಿಂದೆ ಹೋಗಿದೆ, ಸುಳಿ ತೆಳ್ಳಗಾಗಿದೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಬಯೋಡಾಟಾಕ್ಕೆ ನಾಲ್ಕು ವರ್ಷದ ಹಿಂದಿನ ಫೋಟೋ ಹಾಕಿದ್ದಾರೆ ನಮ್ಮಮ್ಮ, ಅದೇ ಒಂದು ಹಿಂಸೆ. ಒಂದು ಹೇರ್ ಕ್ಲಿನಿಕ್‌ಗೆ ಹೋಗಿದ್ದೆ. ಹೆಸರು ಬೇಡ. ಕುರ್ಚಿಯಲ್ಲಿ ಕೂತ ಕೂಡಲೇ ತಲೆಗೆ ಕ್ಯಾಮೆರಾ ಇಟ್ಟು ಟಿವಿಯಲ್ಲಿ ನನ್ನ ನೆತ್ತಿ ದೊಡ್ಡದಾಗಿ ತೋರಿಸಿದರು. "ಆರು ತಿಂಗಳು ತಡ ಮಾಡಿದರೆ ಮುಗಿಯಿತು ಸರ್" ಅಂದರು. ಮಾತಾಡಿದವರು ಡಾಕ್ಟರ್ ಅಲ್ಲ, ಕೌನ್ಸಿಲರ್ ಅಂತೆ. ಪಿಆರ್‌ಪಿ, ಸ್ಟೆಮ್ ಸೆಲ್, ಎಣ್ಣೆ, ಮಾತ್ರೆ ಎಲ್ಲ ಸೇರಿಸಿ ಕಂತಿನ ಲೆಕ್ಕ ಬರೆದುಕೊಟ್ಟರು. ಸಹಿ ಹಾಕದೆ ಎದ್ದು ಬಂದೆ. ಹೆಲ್ಮೆಟ್ ಹಾಕಿದ್ದಕ್ಕೆ ಹೀಗಾಯಿತಾ ಅಂತಲೂ ಡೌಟು.

ಕತ್ತರಿ ಬಾಚಣಿಗೆ (ದಾವಣಗೆರೆ)

ತಮ್ಮಾ, ಹೆಲ್ಮೆಟ್ ಬಿಡಬೇಡ. ನಾನು ಕಟಿಂಗ್ ಅಂಗಡಿಯವನು, ನಮ್ಮಪ್ಪನ ಕಾಲದಿಂದ ಇದೇ ಕಸುಬು. ಬೈಕನ್ನೇ ಮುಟ್ಟದ ಮಂಡಿಪೇಟೆ ಯಜಮಾನರ ತಲೆಯೂ ನೋಡಿದ್ದೇನೆ, ಹಗಲು ರಾತ್ರಿ ಹೆಲ್ಮೆಟ್ ಹಾಕುವ ಡೆಲಿವರಿ ಹುಡುಗರ ತಲೆಯೂ ನೋಡಿದ್ದೇನೆ. ವ್ಯತ್ಯಾಸ ಇಲ್ಲ. ಬೆವರು ನಿಂತು ಹೊಟ್ಟು ಆಗುತ್ತದೆ, ತುರಿಕೆ ಬರುತ್ತದೆ, ಅಷ್ಟೇ. ಒಳಗೆ ಒಂದು ತೆಳು ಹತ್ತಿ ಬಟ್ಟೆ ಹಾಕು, ಅದನ್ನು ದಿನಾ ಒಗೆ.

ಕುರ್ಚಿ ಹಿಂದೆ ನಿಂತವನಿಗೆ ಕನ್ನಡಿ ಮುಂದೆ ಕೂತವನಿಗಿಂತ ಮೊದಲೇ ಗೊತ್ತಾಗುತ್ತದೆ. ಮಷಿನ್ ಸುಳಿ ಮೇಲೆ ಬಂದಾಗ ಸದ್ದೇ ಬೇರೆ ಬರುತ್ತದೆ. ಹಿಂಭಾಗದಲ್ಲಿ ಕರಕರ ಅನ್ನುತ್ತಿರುತ್ತದೆ, ಸುಳಿಗೆ ಬಂದರೆ ಖಾಲಿ ಓಡಿದ ಹಾಗೆ. ಆದರೆ ನಾವು ಬಾಯಿ ಬಿಡಲ್ಲ. ಗಿರಾಕಿ ಬೇಜಾರಾದರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾನೆ.

ಇನ್ನೊಂದು ಮಾತು. ಝೀರೋ ಹೊಡೆಸಿದರೆ ದಪ್ಪ ಬರುತ್ತೆ ಅಂತ ಬರುತ್ತಾರೆ ಜನ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರೂ ಹಾಗೇ ಹೇಳುತ್ತಾರೆ. ಕೂದಲಿನ ತುದಿ ಸಣ್ಣಗೆ ಇರುತ್ತದೆ, ಕತ್ತರಿಸಿದ ಕಡೆ ಮೊಂಡಾಗಿ ಒರಟಾಗಿ ಕೈಗೆ ಹತ್ತುತ್ತದೆ. ಅದಕ್ಕೆ ದಪ್ಪ ಅನ್ನಿಸುವುದು. ಹರಕೆ ಇದ್ದರೆ ಕೊಡಿ, ಕೂದಲಿಗೋಸ್ಕರ ಬೇಡ. ತೆಳ್ಳಗಾದ ತಲೆಗೆ ಉದ್ದ ಬಿಟ್ಟು ಮೇಲೆ ಹೊದಿಸುವುದಕ್ಕಿಂತ ಪಕ್ಕದಲ್ಲಿ ಗಿಡ್ಡ, ಮೇಲೆ ಸ್ವಲ್ಪ ಬಿಡಿಸಿ. ಗಾಳಿ ಬೀಸಿದರೂ ಭಯ ಇರಲ್ಲ.

ಔಷಧಿ ಅಂಗಡಿ (ಚಿತ್ರದುರ್ಗ)

ಮಿನಾಕ್ಸಿಡಿಲ್ ಹೆಸರು ಬಂದದ್ದಕ್ಕೆ ಕೌಂಟರಿನ ಈ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಇದು ಮೂಲದಲ್ಲಿ ಬಿಪಿ ಮಾತ್ರೆ. ತೆಗೆದುಕೊಂಡವರಿಗೆ ಮೈಕೈ ಮೇಲೆಲ್ಲ ಕೂದಲು ಬೆಳೆಯಿತು. ಅದನ್ನು ನೋಡಿ ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಅನುಮತಿ ಸಿಕ್ಕಿತು.

ತಂದವರಲ್ಲಿ ಬಹಳ ಜನ ಎರಡನೇ ಬಾಟಲಿಗೆ ಬರುವುದೇ ಇಲ್ಲ. ಕಾರಣ, ಶುರು ಮಾಡಿದ ಕೆಲವು ವಾರದಲ್ಲಿ ಕೂದಲು ಇನ್ನೂ ಜಾಸ್ತಿ ಉದುರುತ್ತದೆ. ಹಳೆ ಕೂದಲು ಜಾಗ ಬಿಡುವುದು ಅದು. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. "ನಿಮ್ಮ ಔಷಧಿಯಿಂದ ಹೋಯಿತು" ಅಂತ ಜಗಳಕ್ಕೆ ಬರುತ್ತಾರೆ. ಫಲ ಕಾಣುವುದಕ್ಕೆ ನಾಲ್ಕರಿಂದ ಆರು ತಿಂಗಳು ಬೇಕು. ಬಿಟ್ಟರೆ ಕೆಲವೇ ತಿಂಗಳಲ್ಲಿ ಮೊದಲಿನ ಸ್ಥಿತಿ. ಅಂದರೆ ಬಿಪಿ ಮಾತ್ರೆ ಥರವೇ, ನಡೆಸುತ್ತಾ ಇರಬೇಕು. ತಿಂಗಳ ಖರ್ಚು ಎಷ್ಟು ವರ್ಷ ಹಾಕುತ್ತೀರಿ ಅಂತ ಮೊದಲೇ ಯೋಚಿಸಿ.

ಹಚ್ಚುವ ಕ್ರಮ: ಗಂಡಸರಿಗೆ ಸಾಮಾನ್ಯವಾಗಿ 5%, ಒಂದು ಎಂಎಲ್, ದಿನಕ್ಕೆ ಎರಡು ಸಲ. ಹೆಂಗಸರಿಗೆ 2% ಎರಡು ಸಲ, ಅಥವಾ 5% ಒಂದು ಸಲ, ಡಾಕ್ಟರ್ ಹೇಳಿದ ಹಾಗೆ. ಒಣಗಿದ ತಲೆಗೆ, ಚರ್ಮಕ್ಕೆ ತಾಗುವ ಹಾಗೆ. ಕೂದಲಿಗೆ ಸವರಿದರೆ ದಂಡ. ಎಣ್ಣೆ ಹಚ್ಚಿದ ತಲೆಗೆ ಬೇಡ. ಕೈ ತೊಳೆಯಿರಿ. ಹಣೆಗೆ ಇಳಿದರೆ ಅಲ್ಲಿಯೂ ಕೂದಲು ಬರುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ತುಂಬಾ ಹುಷಾರು. ಒಂದು ಹನಿ ನೆಕ್ಕಿದರೂ ಅದರ ಪ್ರಾಣಕ್ಕೆ ಅಪಾಯ. ತುರಿಕೆ ಆದರೆ ಫೋಮ್ ರೂಪದಲ್ಲೂ ಸಿಗುತ್ತದೆ.

ಎಂಸಿಸಿ ಬಿ ಬ್ಲಾಕ್ ಹುಡುಗ

ಸರ್, ಫಿನಾಸ್ಟರೈಡ್ ಮಾತ್ರೆ ಹೇಗೆ? ಒಬ್ಬರು ಅದೇ ರಾಮಬಾಣ ಅನ್ನುತ್ತಾರೆ, ಇನ್ನೊಬ್ಬರು ಸಂಸಾರವೇ ಹಾಳು ಅನ್ನುತ್ತಾರೆ.

ಸ್ಕಿನ್ ಓಪಿಡಿ

ಎರಡೂ ಅತಿ. ಟೆಸ್ಟೋಸ್ಟೆರಾನ್ ದೇಹದಲ್ಲಿ ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನ್ ಆಗಿ ಬದಲಾಗುತ್ತದೆ. ಬೇರು ಚಿಕ್ಕದಾಗಿಸುವುದು ಅದು. ವಂಶದಿಂದ ಬಂದ ಸೂಕ್ಷ್ಮತೆ ಇದ್ದವರಿಗೆ ಮಾತ್ರ. ಸೋದರಮಾವನ ತಲೆ ನೋಡಿ ಅಂತ ಬೋಳೇಶ ಅಣ್ಣ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ, ಒಂದು ಮುಖ್ಯ ವಂಶವಾಹಿ ತಾಯಿ ಕಡೆಯಿಂದ ಬರುತ್ತದೆ. ಅಪ್ಪನ ಕಡೆಯದೂ ಸೇರುತ್ತದೆ.

ಫಿನಾಸ್ಟರೈಡ್ ಆ ಬದಲಾವಣೆಯನ್ನು ತಡೆಯುತ್ತದೆ. ಮೊದಲು ಪ್ರಾಸ್ಟೇಟ್‌ಗೆ 5 ಎಂಜಿ ಬಂತು, ಕೂದಲಿಗೆ 1 ಎಂಜಿ ಮಾತ್ರೆಗೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬಹಳ ಗಂಡಸರಿಗೆ ಉದುರುವುದು ನಿಲ್ಲುತ್ತದೆ, ಕೆಲವರಿಗೆ ದಪ್ಪವಾಗುತ್ತದೆ. ಸ್ವಲ್ಪ ಜನಕ್ಕೆ ಲೈಂಗಿಕ ಆಸಕ್ತಿ ಕಡಿಮೆ ಆಗುವುದು, ನಿಮಿರುವಿಕೆ ತೊಂದರೆ, ಮನಸ್ಸು ಕುಗ್ಗುವುದು ಆಗುತ್ತದೆ. ಸಾಮಾನ್ಯವಾಗಿ ನಿಲ್ಲಿಸಿದರೆ ಹೋಗುತ್ತದೆ, ಆದರೆ ನಿಲ್ಲಿಸಿದ ಮೇಲೂ ಉಳಿಯಿತು ಅಂದವರಿದ್ದಾರೆ. ಹಿಂದೆ ಖಿನ್ನತೆ ಇದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಈ ಮಾತ್ರೆ ತೆಗೆದುಕೊಳ್ಳುವಾಗ, ಬಿಟ್ಟು ಒಂದು ತಿಂಗಳವರೆಗೂ, ರಕ್ತದಾನ ಮಾಡಬಾರದು. ಮನೆಯಲ್ಲಿ ಗರ್ಭಿಣಿ ಇದ್ದರೆ ಒಡೆದ ಮಾತ್ರೆ ಅವರು ಮುಟ್ಟಬಾರದು. ಫ್ರೆಂಡ್ ಶೀಟಿನಿಂದ ಎರಡು ತೆಗೆದು ನುಂಗುವಂಥದ್ದಲ್ಲ ಇದು.

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗವನ್ನು ತಲೆಗೆ ಚುಚ್ಚುವುದು. ಕೆಲವರಿಗೆ ಉಪಯೋಗ ಆಗಿದೆ, ಎಲ್ಲರಿಗೂ ಅಲ್ಲ. ಸ್ಟೆಮ್ ಸೆಲ್ ಅಂತ ಮಾರುವುದನ್ನು ನಂಬುವುದಕ್ಕೆ ಬೇಕಾದಷ್ಟು ಆಧಾರ ಇಲ್ಲ. ಕಸಿ ಮಾಡಿದರೆ ಹಿಂಭಾಗದ ಕೂದಲು ಮುಂದಕ್ಕೆ ಬರುತ್ತದೆ ಅಷ್ಟೇ, ಒಟ್ಟು ಕೂದಲು ಜಾಸ್ತಿ ಆಗಲ್ಲ. 27ಕ್ಕೆ ಅವಸರ ಬೇಡ. ಕಸಿ ಮಾಡಿದ್ದು ಉಳಿಯುತ್ತದೆ, ಅದರ ಹಿಂದಿನದು ಹೋಗುತ್ತಾ ಇರುತ್ತದೆ, ನಡುವೆ ಖಾಲಿ ಪಟ್ಟಿ ಆಗುತ್ತದೆ. ಇದು ಶಸ್ತ್ರಚಿಕಿತ್ಸೆ. ಕತ್ತಿ ಹಿಡಿಯುವವರು ಯಾರು, ಅವರ ಡಿಗ್ರಿ ಏನು ಅಂತ ಕೇಳುವ ಹಕ್ಕು ನಿಮಗಿದೆ.

ಬೋಳೇಶ (ದಾವಣಗೆರೆ)

ತಮ್ಮಾ, ನನ್ನ ಮದುವೆ ಆಗುವಾಗಲೇ ಅರ್ಧ ಹೋಗಿತ್ತು. ನೋಡಲು ಹೋದಾಗ ಟೋಪಿ ತೆಗೆದೇ ಕೂತೆ. ಹುಡುಗಿ ಕಡೆ ಅಜ್ಜಿ "ಹಣೆ ಅಗಲ ಇದ್ದರೆ ಭಾಗ್ಯ" ಅಂದರು. ಆ ಹಳೆ ಫೋಟೋ ಮೊದಲು ತೆಗೆಸು. ನಿನಗಿಂತ ಮೊದಲು ಅದು ಮಾತಾಡುತ್ತದೆ.

ಹೊಳಲ್ಕೆರೆ ಅಡಿಕೆ

ಡಾಕ್ಟ್ರೇ, ನಮ್ಮ ಮಗನಿಗೆ ಎಂಟು ವರ್ಷ. ತಲೆಯ ಹಿಂದೆ ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋಗಿದೆ. ಊರಲ್ಲಿ ಹುಳ ತಿಂದಿದೆ ಅಂತಾರೆ. ಅವರಜ್ಜಿ ಬೆಳ್ಳುಳ್ಳಿ ಜಜ್ಜಿ ತಿಕ್ಕಿದ್ದಾರೆ, ಚರ್ಮ ಕೆಂಪಾಗಿ ಬೊಬ್ಬೆ ಎದ್ದಿದೆ.

ಸ್ಕಿನ್ ಓಪಿಡಿ

ಬೆಳ್ಳುಳ್ಳಿ ಇವತ್ತೇ ನಿಲ್ಲಿಸಿ ಅಣ್ಣಾ. ಹುಳ ಯಾವುದೂ ತಿಂದಿಲ್ಲ. ಎರಡು ಸಾಧ್ಯತೆ ಇವೆ. ಆ ಜಾಗ ನುಣ್ಣಗೆ, ಸಿಪ್ಪೆ ಇಲ್ಲದೆ, ಚೆಂಡು ಉಜ್ಜಿದಷ್ಟು ಸಾಫಾಗಿದ್ದರೆ ಅದು ಅಲೊಪೇಸಿಯಾ ಏರಿಯೇಟಾ. ದೇಹದ ರಕ್ಷಣೆಯ ಕಣಗಳೇ ಬೇರಿನ ಮೇಲೆ ಬೀಳುವುದು. ಅಂಟುವುದಿಲ್ಲ. ಒಂದೇ ಮಚ್ಚೆ ಇದ್ದರೆ ಎಷ್ಟೋ ಮಕ್ಕಳಿಗೆ ವರ್ಷದೊಳಗೆ ತಾನೇ ಬರುತ್ತದೆ. ಸಿಪ್ಪೆ ಏಳುತ್ತಿದ್ದರೆ, ತುಂಡು ಕೂದಲು ಕಪ್ಪು ಚುಕ್ಕೆ ಥರ ಕಾಣುತ್ತಿದ್ದರೆ ಅದು ಬೂಷ್ಟಿನ ಸೋಂಕು, ಅಂಟುತ್ತದೆ. ಅದಕ್ಕೆ ಮುಲಾಮು ಸಾಲದು, ವಾರಗಟ್ಟಲೆ ಬಾಯಿಗೆ ಮಾತ್ರೆ ಬೇಕು. ಬಾಚಣಿಗೆ, ಟವೆಲ್ ಬೇರೆ ಇಡಿ. ಈ ವಾರವೇ ತೋರಿಸಿ, ಜಿಲ್ಲಾ ಆಸ್ಪತ್ರೆಯಲ್ಲೂ ಚರ್ಮದ ವಿಭಾಗ ಇದೆ.

ನಿರ್ವಾಹಕರು

ಎರಡು ಕಮೆಂಟ್ ತೆಗೆದಿದ್ದೇವೆ. ಎರಡೂ "21 ದಿನದಲ್ಲಿ ಕೂದಲು ಗ್ಯಾರಂಟಿ" ಎಣ್ಣೆಯ ಜಾಹೀರಾತು, ವಾಟ್ಸಾಪ್ ನಂಬರ್ ಸಮೇತ. ಬೋಳುತಲೆ ವಾಸಿ ಮಾಡುತ್ತೇವೆ, ಹೊಸ ಕೂದಲು ಬೆಳೆಸುತ್ತೇವೆ ಅಂತ ಔಷಧಿ ಮಾರುವ ಹಾಗಿಲ್ಲ. 1945ರ ಔಷಧ ನಿಯಮಗಳ ಶೆಡ್ಯೂಲ್ ಜೆ ಪಟ್ಟಿಯಲ್ಲಿ ಎರಡೂ ಇವೆ. ಚರ್ಚೆ ಮುಂದುವರಿಸಿ.

ವಿದ್ಯಾನಗರ ಟೀಚರ್ (ದಾವಣಗೆರೆ)

ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿ ಇದೆ. ಹಿಮೋಗ್ಲೋಬಿನ್ 11.2. ಫೆರಿಟಿನ್ 9 ಬಂದಿದೆ. ಲ್ಯಾಬ್‌ನಲ್ಲಿ "ಹೆಂಗಸರಿಗೆ 11 ಅಂದರೆ ನಾರ್ಮಲ್ಲೇ" ಅಂದರು. ಮುಟ್ಟು ನನಗೆ ಜಾಸ್ತಿ ಹೋಗುತ್ತದೆ, ಆದರೆ ಸರಿಯಾಗಿ ತಿಂಗಳಿಗೇ ಆಗುತ್ತದೆ.

ಸ್ಕಿನ್ ಓಪಿಡಿ

ನಾರ್ಮಲ್ ಅಲ್ಲ ಮೇಡಂ. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಫೆರಿಟಿನ್ 15ಕ್ಕಿಂತ ಕೆಳಗೆ ಇದ್ದರೆ ಕಬ್ಬಿಣದ ದಾಸ್ತಾನು ಖಾಲಿ ಅಂತ. ಕೂದಲು ತುಂಬಿಕೊಳ್ಳುವುದು ತಡವಾಗುತ್ತಿರುವುದಕ್ಕೆ ಇದೂ ಸೇರಿರಬಹುದು. ಕಬ್ಬಿಣದ ಮಾತ್ರೆ ಬೇಕಾಗುತ್ತದೆ, ಎಷ್ಟು ದಿನ ಅಂತ ನೋಡಿದ ಡಾಕ್ಟರ್ ಹೇಳುತ್ತಾರೆ. ಜಾಸ್ತಿ ಮುಟ್ಟಿಗೆ ಹೆರಿಗೆ ಡಾಕ್ಟರನ್ನೂ ಕಾಣಿ, ಇಲ್ಲದಿದ್ದರೆ ಒಂದು ಕಡೆ ತುಂಬಿಸಿದ್ದು ಇನ್ನೊಂದು ಕಡೆ ಹೋಗುತ್ತದೆ. ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಕೂದಲು ಬಂದಿದ್ದರೆ ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಇದೆಯಾ ಅಂತ ನೋಡಬೇಕಿತ್ತು. ನಿಮಗೆ ಹಾಗೆ ಕಾಣುತ್ತಿಲ್ಲ.

ಸ್ಟಾಫ್ ರೂಮಿನ ಬಯೋಟಿನ್ ಬೇಡ. ಅದರ ಕೊರತೆ ಬಹಳ ಅಪರೂಪ. ಜಾಸ್ತಿ ತೆಗೆದುಕೊಂಡರೆ ಥೈರಾಯ್ಡ್ ಪರೀಕ್ಷೆ, ಹಾರ್ಟ್ ಅಟ್ಯಾಕ್ ಪತ್ತೆ ಮಾಡುವ ಟ್ರೋಪೊನಿನ್ ಪರೀಕ್ಷೆ ಎರಡೂ ತಪ್ಪು ತೋರಿಸಬಹುದು.

ಚಳ್ಳಕೆರೆ ಸೊಸೆ

ಊಟದ ಜೊತೆ ಟೀ ಕುಡಿಯುವ ಅಭ್ಯಾಸ ಇದ್ದರೆ ಬಿಡಿ ಅಕ್ಕಾ. ನಮ್ಮ ಆಶಾ ಕಾರ್ಯಕರ್ತೆ ಹೇಳಿದ್ದು, ಟೀ ಕಬ್ಬಿಣವನ್ನು ಮೈಗೆ ಹತ್ತಿಸಲ್ಲ. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಹುರುಳಿಕಾಳು ಮೊಳಕೆ ಕಟ್ಟಿ ಮಾಡಿ. ಶೇಂಗಾ ನಮ್ಮ ಊರಿಂದ ಬೇಕಾದಷ್ಟು ಕಳಿಸುತ್ತೇನೆ. ಮತ್ತೆ ಸೋಮವಾರ, ಶನಿವಾರ ಅಂತ ಉಪವಾಸ ಇದ್ದರೆ ದೇವರಿಗೆ ಸ್ವಲ್ಪ ದಿನ ರಜೆ ಕೇಳಿ.

ವಿದ್ಯಾನಗರ ಟೀಚರ್ (ದಾವಣಗೆರೆ)

ಶೇಂಗಾ ಬೇಡ ಅನ್ನಲ್ಲ ತಂಗೀ. ಶನಿವಾರದ ಉಪವಾಸ ಇದ್ದದ್ದು ನಿಜ. ಮುಂದಿನ ವಾರ ಚರ್ಮದ ಓಪಿಡಿಗೆ ಹೋಗುತ್ತೇನೆ. ತಲೆಗೆ ಮೆಹಂದಿ ಹಾಕಿಕೊಂಡಿದ್ದೇನೆ, ಪರವಾಗಿಲ್ಲವಾ? ಏನು ತೆಗೆದುಕೊಂಡು ಬರಬೇಕು?

ಸ್ಕಿನ್ ಓಪಿಡಿ

ಮೆಹಂದಿ ಪರವಾಗಿಲ್ಲ. ಹಿಂದಿನ ದಿನ ಎಣ್ಣೆ ಹಚ್ಚಬೇಡಿ, ಲೆನ್ಸಿನಲ್ಲಿ ಕಾಣಲ್ಲ. ಬೆಳಗ್ಗೆ ತಲೆಗೆ ಹಾಕಿಕೊಂಡೂ ಬರಬೇಡಿ. ಕೂದಲು ಎಳೆದು ನೋಡುವ ಪರೀಕ್ಷೆ ಮಾಡುತ್ತೇವೆ, ಸ್ನಾನದಲ್ಲೇ ಉದುರಿ ಹೋಗಿದ್ದರೆ ಲೆಕ್ಕ ತಪ್ಪುತ್ತದೆ. ಟೈಫಾಯಿಡ್ ಚೀಟಿ, ರಕ್ತದ ರಿಪೋರ್ಟು, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಶೀಟು, ಬೈತಲೆ ಕಾಣುವ ಹಳೆಯ ಫೋಟೋ ಇದ್ದರೆ ಅದು. ಜಡೆ ಬಿಗಿಯಾಗಿ ಹೆಣೆದುಕೊಂಡು ಬರಬೇಡಿ, ಸಡಿಲವಾಗಿ ಕ್ಲಿಪ್ ಹಾಕಿ ಸಾಕು. ಹತ್ತು ಗಂಟೆಯ ಮೇಲೆ ಚೀಟಿ ಕೌಂಟರಿನಲ್ಲಿ ಸಾಲು ಉದ್ದ ಇರುತ್ತದೆ, ಒಂಬತ್ತಕ್ಕೇ ಬನ್ನಿ.